ಹಡಗಿನ ಅವಸರಕ್ಕೆ ಬೆಲೆ ತೆರುವವರು ಯಾರು?

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆಲವು ದಿನ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ತೀರಾ ಕಡಿಮೆಯಾಯಿತು. ನೀರೊಳಗಿನ ಶಬ್ದ 6 ಡೆಸಿಬೆಲ್ ಇಳಿಯಿತು. ಅಂದರೆ ಶಬ್ದದ ಶಕ್ತಿ ಸುಮಾರು ಕಾಲು ಭಾಗಕ್ಕೆ ಬಂತು. ಅಲ್ಲಿನ ‘ರೈಟ್’ ಎಂಬ ಜಾತಿಯ ತಿಮಿಂಗಿಲಗಳ ಮಲದ ಮಾದರಿಗಳನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ ಒತ್ತಡದ ಹಾರ್ಮೋನ್ ಕೂಡ ಇಳಿದಿದ್ದು ಕಂಡಿತು. ಹಾಗಾದರೆ ಉಳಿದೆಲ್ಲ ದಿನ ಅವು ಹೇಗೆ ಬದುಕುತ್ತಿವೆ? ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಬೆಳಕು ನೀರಿನಲ್ಲಿ ಜಾಸ್ತಿ ದೂರ ಹೋಗುವುದಿಲ್ಲ. ಶಬ್ದ ಹೋಗುತ್ತದೆ, ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ. ಅದಕ್ಕೇ ತಿಮಿಂಗಿಲಗಳು ಕೂಗಿ ಒಂದನ್ನೊಂದು ಹುಡುಕುತ್ತವೆ. ಹಡಗಿನ ಪ್ರೊಪೆಲ್ಲರ್ ಜೋರಾಗಿ ತಿರುಗಿದಾಗ ಅದರ ಅಲಗುಗಳ ಬಳಿ ನೀರಿನ ಒತ್ತಡ ಕುಸಿಯುತ್ತದೆ. ಸಣ್ಣ ಗುಳ್ಳೆಗಳು ಹುಟ್ಟಿ, ಮರುಕ್ಷಣವೇ ಸಿಡಿಯುತ್ತವೆ. ಲೆಕ್ಕವಿಲ್ಲದಷ್ಟು ಗುಳ್ಳೆಗಳು ಸಿಡಿದಾಗ ಏಳುವ ತಗ್ಗು ದನಿಯ ಮೊರೆತ, ದೊಡ್ಡ ತಿಮಿಂಗಿಲಗಳ ಕೂಗಿನ ಕಂಪನಾಂಕದಲ್ಲೇ ಇರುತ್ತದೆ. ಕೂಗು ಅದರಲ್ಲಿ ಮುಳುಗಿಹೋಗುತ್ತದೆ.

ಹಡಗು ತಿಮಿಂಗಿಲಕ್ಕೆ ಡಿಕ್ಕಿ ಹೊಡೆಯುವ ಅಪಾಯ ಬೇರೆ. ಉತ್ತರ ಅಟ್ಲಾಂಟಿಕ್‌ನ ರೈಟ್ ತಿಮಿಂಗಿಲಗಳು ಈಗ 400ಕ್ಕಿಂತ ಕಡಿಮೆ. ಒಂದು ಹೆಣ್ಣು ಸತ್ತರೂ ಅದು ದೊಡ್ಡ ನಷ್ಟ. 2003ರಲ್ಲಿ ಫಂಡಿ ಕೊಲ್ಲಿಯ ಹಡಗು ದಾರಿಯನ್ನೇ ಪಕ್ಕಕ್ಕೆ ಸರಿಸಿದರು. 2008ರಲ್ಲಿ ಅಮೆರಿಕ ತನ್ನ ಪೂರ್ವ ಕರಾವಳಿಯ ಕೆಲವು ಭಾಗಗಳಲ್ಲಿ, ವರ್ಷದ ಕೆಲವು ತಿಂಗಳು, ದೊಡ್ಡ ಹಡಗುಗಳಿಗೆ 10 ನಾಟ್ ಮಿತಿ ಹಾಕಿತು. ಗಂಟೆಗೆ ಸುಮಾರು 18.5 ಕಿಲೋಮೀಟರ್, ಅಷ್ಟೇ.

ನಿಧಾನ ಹೋದರೆ ಸಾಮಾನ್ಯವಾಗಿ ಶಬ್ದವೂ ಕಡಿಮೆ, ಡಿಕ್ಕಿಯಲ್ಲಿ ಸಾವೂ ಕಡಿಮೆ. ವೇಗ ಶೇಕಡಾ 10ರಷ್ಟು ತಗ್ಗಿಸಿದರೆ ಅಷ್ಟೇ ದೂರಕ್ಕೆ ಬೇಕಾಗುವ ಇಂಧನ ಸುಮಾರು ಶೇಕಡಾ 20ರಷ್ಟು ಉಳಿಯುತ್ತದೆ. ಸರಕು ತಡವಾಗಿ ತಲುಪುತ್ತದೆ, ನಿಜ. ಆ ತಡವನ್ನು ನಾವು ತಾಳಿಕೊಳ್ಳಬಹುದು ಅಲ್ವಾ? ತಿಮಿಂಗಿಲ ದೂರು ಕೊಡಲಾರದು. ದಡದಿಂದ ಬಹುದೂರದ ಕಡಲು ಯಾವ ದೇಶದ್ದೂ ಅಲ್ಲ. ಹಾಗಾಗಿ ಅಲ್ಲಿನ ನಷ್ಟ ಯಾರ ಖಾತೆಗೂ ಬೀಳುವುದಿಲ್ಲ. ಇದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಅಂತರರಾಷ್ಟ್ರೀಯ ಕಡಲ ಸಂಸ್ಥೆ 2014ರಲ್ಲಿ ಶಬ್ದ ತಗ್ಗಿಸಲು ಮಾರ್ಗಸೂಚಿ ಕೊಟ್ಟಿತು, 2023ರಲ್ಲಿ ಪರಿಷ್ಕರಿಸಿತು. ಆದರೆ ಅದು ಕಡ್ಡಾಯವಲ್ಲ. ಹಡಗುಗಳು ಸಮತೋಲನಕ್ಕಾಗಿ ತುಂಬಿಕೊಂಡು ಹೊತ್ತು ತರುವ ಬ್ಯಾಲಾಸ್ಟ್ ನೀರಿನ ಮೂಲಕ ಪರಕೀಯ ಜೀವಿಗಳು ಹರಡದಂತೆ ಇದೇ ಸಂಸ್ಥೆ ರೂಪಿಸಿದ ಒಪ್ಪಂದ 2017ರಿಂದ ಜಾರಿಯಲ್ಲಿದೆ, ಅದನ್ನು ಅನುಮೋದಿಸಿದ ದೇಶಗಳಿಗೆ ಕಡ್ಡಾಯವೂ ಆಗಿದೆ. ಶಬ್ದಕ್ಕೂ ಅಂಥದ್ದೇ ಒಪ್ಪಂದ ಬೇಕು. ಮೊದಲು ತಿಮಿಂಗಿಲಗಳು ಮೇಯುವ, ಮರಿ ಹಾಕುವ ಜಾಗಗಳಲ್ಲಾದರೂ ಅದು ಜಾರಿಗೆ ಬರಲಿ.