ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಓದಿದವರು ಅರ್ಥಶಾಸ್ತ್ರಕ್ಕೆ ಹೋಗಬಹುದೇ?

ಪ್ರಶ್ನೆ: ಬಿ.ಇ.ಯಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಆ್ಯಂಡ್ ಮ್ಯಾನೇಜ್‌ಮೆಂಟ್ ಓದುತ್ತಿದ್ದೇನೆ. ಎಂ.ಟೆಕ್. ಮಾಡು ಎನ್ನುತ್ತಾರೆ ಮನೆಯವರು. ನನಗೆ ಅರ್ಥಶಾಸ್ತ್ರದ ಕಡೆ ಒಲವು. ಎಂಜಿನಿಯರಿಂಗ್ ಓದಿದವರನ್ನು ಅಲ್ಲಿ ಸೇರಿಸಿಕೊಳ್ಳುತ್ತಾರೆಯೇ? ನಾಲ್ಕು ವರ್ಷದ ಓದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ ಆಗುವುದಿಲ್ಲವೇ?

ಉತ್ತರ: ಧಾರಾಳವಾಗಿ ಸೇರಿಸಿಕೊಳ್ಳುತ್ತಾರೆ. ಭಾರತೀಯ ಸಾಂಖ್ಯಿಕ ಸಂಸ್ಥೆಯ (ಐಎಸ್‌ಐ) ಕ್ವಾಂಟಿಟೇಟಿವ್ ಎಕನಾಮಿಕ್ಸ್ ಸ್ನಾತಕೋತ್ತರ ಪದವಿಗೂ ಮುಂಬಯಿಯ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆಯ ಅರ್ಥಶಾಸ್ತ್ರ ಎಂ.ಎಸ್‌ಸಿ.ಗೂ ಬಿ.ಇ. ಆದವರು ಅರ್ಜಿ ಹಾಕಬಹುದು. ಓದಿದ್ದು ವ್ಯರ್ಥವಾಗುತ್ತದೆಯೇ ಎಂಬುದಕ್ಕೆ ಮಾತ್ರ ಒಂದು ಲೆಕ್ಕ ಮಾಡಿಯೇ ಉತ್ತರ ಹೇಳಬೇಕು.

ಪೀಣ್ಯದಲ್ಲಿ ಒಂದು ಚಿಕ್ಕ ವರ್ಕ್‌ಶಾಪ್ ಶಾಫ್ಟ್, ಫ್ಲ್ಯಾಂಜ್ ಎಂಬ ಎರಡು ಬಿಡಿಭಾಗ ಮಾಡುತ್ತದೆ ಎನ್ನಿ. ವಾರಕ್ಕೆ ಲೇತ್ 100 ಗಂಟೆ, ಮಿಲ್ಲಿಂಗ್ ಯಂತ್ರ 80 ಗಂಟೆ ಸಿಗುತ್ತದೆ. ಒಂದು ಶಾಫ್ಟ್‌ಗೆ ಲೇತ್‌ನಲ್ಲಿ 2 ಗಂಟೆ, ಮಿಲ್ಲಿಂಗ್‌ನಲ್ಲಿ 1 ಗಂಟೆ ಬೇಕು. ಲಾಭ 300 ರೂಪಾಯಿ. ಒಂದು ಫ್ಲ್ಯಾಂಜ್‌ಗೆ ಲೇತ್ 1 ಗಂಟೆ, ಮಿಲ್ಲಿಂಗ್ 2 ಗಂಟೆ; ಲಾಭ 240. ಆಪರೇಷನ್ಸ್ ರಿಸರ್ಚ್ (ಇರುವ ಸಂಪನ್ಮೂಲವನ್ನು ಗಣಿತದಿಂದ ಲಾಭಕರವಾಗಿ ಹಂಚುವ ವಿದ್ಯೆ) ಓದಿದ ನಿಮಗೆ ಇದು ಐದು ನಿಮಿಷದ ಕೆಲಸ: 40 ಶಾಫ್ಟ್, 20 ಫ್ಲ್ಯಾಂಜ್, ವಾರದ ಲಾಭ 16,800 ರೂಪಾಯಿ. ಅದೇ ಲೆಕ್ಕದ ಮಗ್ಗುಲನ್ನು ತಿರುಗಿಸಿ ನೋಡಿದರೆ ಇನ್ನೊಂದು ಅಂಕಿ ಸಿಗುತ್ತದೆ. ಲೇತ್‌ಗೆ ಇನ್ನೊಂದು ಗಂಟೆ ದೊರೆತರೆ ಲಾಭ 120 ರೂಪಾಯಿ ಏರುತ್ತದೆ, ಮಿಲ್ಲಿಂಗ್‌ಗಾದರೆ 60. ಪಠ್ಯಪುಸ್ತಕ ಇದನ್ನು ಶ್ಯಾಡೋ ಪ್ರೈಸ್ ಎನ್ನುತ್ತದೆ. ಪರೀಕ್ಷೆಗೆಂದು ಇಂಥ ಲೆಕ್ಕ ಬಿಡಿಸುವ ಸಿಂಪ್ಲೆಕ್ಸ್ ವಿಧಾನದ ಕೋಷ್ಟಕ ಉರು ಹೊಡೆಯುವವರು ಇದನ್ನು ಗಮನಿಸದೆ ದಾಟಿಬಿಡುವುದೇ ಹೆಚ್ಚು.

ಇಂಡಸ್ಟ್ರಿಯಲ್ ಎಂಜಿನಿಯರ್ ಆ 120ನ್ನು ಹಿಡಿದುಕೊಂಡು ಮಾಲೀಕನ ಬಳಿಗೆ ಹೋಗುತ್ತಾನೆ: ಓವರ್‌ಟೈಮ್‌ಗೆ (ಓಟಿ) ಗಂಟೆಗೆ 120ಕ್ಕಿಂತ ಕಡಿಮೆ ಹೆಚ್ಚುವರಿ ಖರ್ಚಾದರೆ ಲೇತ್ ಓಡಿಸಿ, ಮೀರಿದರೆ ಬೇಡ. ಅವನ ಕೆಲಸ ಅಲ್ಲಿಗೆ ಮುಗಿಯಿತು. ಅರ್ಥಶಾಸ್ತ್ರಜ್ಞನ ಕೆಲಸ ಅಲ್ಲಿಂದ ಶುರು. ಪಕ್ಕದ ಹತ್ತು ವರ್ಕ್‌ಶಾಪ್‌ಗಳೂ ಅದೇ ಲೆಕ್ಕ ಹಾಕಿ, ಅದೇ ಲೇತ್ ಆಪರೇಟರನನ್ನು ಸಂಜೆಗೆ ಕರೆದರೆ ಓಟಿ ದರ ಎಲ್ಲಿಗೆ ಮುಟ್ಟುತ್ತದೆ? ಎಲ್ಲರೂ ಶಾಫ್ಟ್ ಹೆಚ್ಚಿಸಿದರೆ ಶಾಫ್ಟ್‌ನ 300 ರೂಪಾಯಿ ಲಾಭ 300 ಆಗಿಯೇ ಉಳಿಯುತ್ತದೆಯೇ? ಗಣಿತ ಅದೇ, ಆದರೆ ಯಂತ್ರ ಎದುರುತ್ತರ ಕೊಡುವುದಿಲ್ಲ, ಮನುಷ್ಯ ಕೊಡುತ್ತಾನೆ. ಈ ಎರಡರಲ್ಲಿ ಯಾವ ಪ್ರಶ್ನೆ ನಿಮ್ಮ ತಲೆಯಲ್ಲಿ ಕೊರೆಯುತ್ತದೆ ಎಂದು ನೋಡಿಕೊಳ್ಳಿ. ಕೋರ್ಸ್ ಆರಿಸಲು ಸಂಬಳದ ಪಟ್ಟಿಗಿಂತ ಇದು ನಂಬಲರ್ಹ ಎಂಬುದು ನನ್ನ ಅಭಿಪ್ರಾಯ.

ಈ ಗಡಿ ದಾಟಿದವರಲ್ಲಿ ನೀವು ಮೊದಲಿಗರೇನೂ ಆಗುವುದಿಲ್ಲ. ಲೆನಿನ್‌ಗ್ರಾಡ್‌ನ ಗಣಿತಜ್ಞ ಲಿಯೊನಿಡ್ ಕಂಟರೋವಿಚ್ ಬಳಿಗೆ ಪ್ಲೈವುಡ್ ಉದ್ಯಮದವರು ಯಂತ್ರಗಳಿಗೆ ಕೆಲಸ ಹಂಚುವ ಸಮಸ್ಯೆ ತಂದರು. ಅದನ್ನು ಬಿಡಿಸುತ್ತ 1939ರಲ್ಲಿ ಅವರು ಪ್ರಕಟಿಸಿದ್ದು ಮೇಲಿನ ವರ್ಕ್‌ಶಾಪ್ ಲೆಕ್ಕದಂಥವನ್ನು ಬಿಡಿಸುವ, ನಾವು ಇಂದು ಲೀನಿಯರ್ ಪ್ರೋಗ್ರಾಮಿಂಗ್ ಎನ್ನುವುದರ ಮೊದಲ ರೂಪ. ಅದೇ ದಾರಿಯ ಕೆಲಸಕ್ಕೆ 1975ರಲ್ಲಿ ಟ್ಯಾಲಿಂಗ್ ಕೂಪ್‌ಮನ್ಸ್ ಜೊತೆ ನೊಬೆಲ್ ಬಂತು, ಅದೂ ಅರ್ಥಶಾಸ್ತ್ರದಲ್ಲಿ. (ಸಿಂಪ್ಲೆಕ್ಸ್ ಕೊಟ್ಟ ಜಾರ್ಜ್ ಡಾಂಟ್‌ಜಿಗ್‌ಗೆ ಬರಲಿಲ್ಲ. ಅದು ಬೇರೆಯದೇ ಜಗಳ.) 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಆಲ್ವಿನ್ ರಾತ್ ಅವರ ಬಿ.ಎಸ್.ನಿಂದ ಪಿಎಚ್.ಡಿ.ವರೆಗಿನ ಓದೆಲ್ಲ ಆಪರೇಷನ್ಸ್ ರಿಸರ್ಚ್‌ನಲ್ಲೇ. ಯಾರನ್ನು ಯಾವುದಕ್ಕೆ ಹೊಂದಿಸಬೇಕು ಎಂಬ ಅವರ ಕೆಲಸಕ್ಕೆ ಬುನಾದಿ ಗಣಿತಜ್ಞರಾದ ಗೇಲ್ ಮತ್ತು ಶಾಪ್ಲಿ 1962ರಲ್ಲಿ ಕಾಲೇಜು ಪ್ರವೇಶದ ಕುರಿತು ಬರೆದ ಪ್ರಬಂಧ. 2015ರಿಂದ ಜಂಟಿ ಸೀಟು ಹಂಚಿಕೆ ಪ್ರಾಧಿಕಾರದ (ಜೋಸಾ) ಮೂಲಕ ಐಐಟಿ, ಎನ್‌ಐಟಿ ಸೀಟುಗಳು ಹಂಚಿಕೆಯಾಗುತ್ತಿರುವುದೂ ಆ ಪ್ರಬಂಧದ ವಿಧಾನವನ್ನು ಆಧರಿಸಿಯೇ.

ನಮ್ಮಲ್ಲೂ ಈ ನಂಟು ಹಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಈಗಿನ ಮ್ಯಾನೇಜ್‌ಮೆಂಟ್ ಸ್ಟಡೀಸ್ ವಿಭಾಗ 1940ರ ದಶಕದ ಕೊನೆಯಲ್ಲಿ ಹುಟ್ಟಿದ್ದು ಅರ್ಥಶಾಸ್ತ್ರ ಮತ್ತು ಸಮಾಜ ವಿಜ್ಞಾನಗಳ ವಿಭಾಗವಾಗಿ.

ಇನ್ನು ದಾರಿಗಳ ವಿಚಾರ. ಎಂ.ಟೆಕ್. ಎಂದು ಮನಸ್ಸಾದರೆ ಗೇಟ್‌ನಲ್ಲಿ ಪ್ರೊಡಕ್ಷನ್ ಆ್ಯಂಡ್ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಪತ್ರಿಕೆ ಇದೆ. ಅಂಕ ಮೂರು ವರ್ಷ ಊರ್ಜಿತ. ಐಐಟಿ ಬಾಂಬೆಯ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಆ್ಯಂಡ್ ಆಪರೇಷನ್ಸ್ ರಿಸರ್ಚ್, ಖರಗ್‌ಪುರದ ಇಂಡಸ್ಟ್ರಿಯಲ್ ಆ್ಯಂಡ್ ಸಿಸ್ಟಮ್ಸ್ ಎಂಜಿನಿಯರಿಂಗ್ ಎರಡೂ ಗಟ್ಟಿ ವಿಭಾಗಗಳು. ಮುಂಬಯಿಯಲ್ಲಿ 1963ರಿಂದ ಇದ್ದ ರಾಷ್ಟ್ರೀಯ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಸಂಸ್ಥೆ (ಎನ್‌ಐಟಿಐಇ, ‘ನೈಟಿ’) 2023ರಲ್ಲಿ ಐಐಎಂ ಆಯಿತು. ಹೆಸರಿನೊಂದಿಗೆ ಒಲವೂ ಮ್ಯಾನೇಜ್‌ಮೆಂಟ್ ಕಡೆಗೇ ಎಂದು ತಿಳಿದು ಅರ್ಜಿ ಹಾಕಿ.

ಅರ್ಥಶಾಸ್ತ್ರಕ್ಕಾದರೆ ನನ್ನ ಮೊದಲ ಮತ ಸಾಂಖ್ಯಿಕ ಸಂಸ್ಥೆಗೆ. ಬೋಧನಾ ಶುಲ್ಕವಿಲ್ಲ, ಜೊತೆಗೆ ವಿದ್ಯಾರ್ಥಿವೇತನವೂ ಉಂಟು. ಮೈಸೂರು ರಸ್ತೆಯಲ್ಲಿ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಹತ್ತಿರವೇ ಅದರ ಬೆಂಗಳೂರು ಕೇಂದ್ರವಿದ್ದರೂ ಈ ಕೋರ್ಸ್ ನಡೆಯುವುದು ಕೋಲ್ಕತ್ತ ಮತ್ತು ದೆಹಲಿಯಲ್ಲಿ. ಪ್ರವೇಶ ಪರೀಕ್ಷೆಯ ಒಂದು ಪತ್ರಿಕೆ ಪೂರ್ತಿ ಗಣಿತ, ಇನ್ನೊಂದು ಅರ್ಥಶಾಸ್ತ್ರ. ಎಂಜಿನಿಯರುಗಳು ಎಡವುವುದು ಎರಡನೆಯದರಲ್ಲಿ ಎಂದು ಎಲ್ಲರೂ ಭಾವಿಸುತ್ತಾರೆ. ಮೊದಲನೆಯದರಲ್ಲೂ ಎಡವಬಹುದು: ಸೂತ್ರಕ್ಕೆ ಅಂಕಿ ಹಾಕಿ ಉತ್ತರ ತೆಗೆಯುವ ಅಭ್ಯಾಸ ಅಲ್ಲಿ ಸಾಲದು, ಉತ್ತರ ಯಾಕೆ ಹಾಗೆಯೇ ಇರಬೇಕು ಎಂಬುದು ಗೊತ್ತಿರಬೇಕು. ಗಣಿತದ ಸಾಧನೆ (ಪ್ರೂಫ್) ಬರೆಯುವುದೆಂದರೆ ಬೇಸರ ಎನ್ನುವವರಿಗೆ ಮುಂದಿನ ಎರಡು ವರ್ಷ ಕಷ್ಟವೇ. ವರ್ಕ್‌ಶಾಪ್ ಲ್ಯಾಬ್ ತಪ್ಪಿದರೆ ಸಾಕು ಎಂಬ ಕಾರಣಕ್ಕೆ ಅರ್ಥಶಾಸ್ತ್ರ ಹಿಡಿಯಬೇಡಿ.

ಎರಡನ್ನೂ ಒಂದೇ ಪದವಿಯಲ್ಲಿ ಓದಬೇಕೆಂದರೆ ಜರ್ಮನಿ ಹೇಳಿ ಮಾಡಿಸಿದ ಜಾಗ. ಅಲ್ಲಿ ವಿರ್ಟ್‌ಶಾಫ್ಟ್ಸ್‌ಇಂಜೆನಿಯರ್‌ವೇಸನ್ ಎಂಬ ಹೆಸರಿನಲ್ಲಿ ಎಂಜಿನಿಯರಿಂಗ್ ಮತ್ತು ಅರ್ಥಶಾಸ್ತ್ರ ಸೇರಿಯೇ ಒಂದು ಶಾಖೆ. ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಕೆಐಟಿ ಇದಕ್ಕೆ ಹೆಸರುವಾಸಿ. ಜರ್ಮನಿ ಎಂದರೆ ಶುಲ್ಕವೇ ಇಲ್ಲ ಎಂಬ ಮಾತು ಕಾರ್ಲ್ಸ್‌ರೂಹೆ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯಕ್ಕೆ ಹೊಂದುವುದಿಲ್ಲ. ಭಾರತದಂಥ ದೇಶಗಳಿಂದ ಹೋದವರಿಗೆ 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಇದೆ. ಜರ್ಮನ್ ಭಾಷೆಯನ್ನು ಇಲ್ಲಿಂದಲೇ ಕಲಿತು ಹೋಗುವುದು ಲೇಸು.

ಮನೆಯವರೊಂದಿಗೆ ಈಗಲೇ ಜಗಳ ಬೇಕಿಲ್ಲ. ಗೇಟ್ ನಡೆಯುವುದು ಫೆಬ್ರುವರಿಯಲ್ಲಿ, ಸಾಂಖ್ಯಿಕ ಸಂಸ್ಥೆಯ ಪರೀಕ್ಷೆ ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಕೊನೆಯ ವರ್ಷದಲ್ಲಿ ಎರಡನ್ನೂ ಬರೆಯಿರಿ. ಅದಕ್ಕೆ ಮೊದಲು ಸಾಂಖ್ಯಿಕ ಸಂಸ್ಥೆಯ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುವ ಹಳೆಯ ಗಣಿತ ಪತ್ರಿಕೆಯೊಂದನ್ನು ಇಳಿಸಿಕೊಂಡು, ಗಡಿಯಾರ ಇಟ್ಟುಕೊಂಡು ಬಿಡಿಸಿ ನೋಡಿ.