ಮಗುವಿನ ರಕ್ತ ಕ್ಯಾನ್ಸರ್, ಕಣ್ಣಿಗೂ ಒಂದು ನೋಟ

ಒಂದು ಕಣ್ಣು ಮಂಜಾಗಿದೆ ಅಂತ ಮೂರು ವರ್ಷದ ಮಗು ಹೇಳುವುದಿಲ್ಲ. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಅದರ ಆಟ, ಊಟ ಎಲ್ಲ ನಡೆದುಬಿಡುತ್ತದೆ. ಅದಕ್ಕೇ ಅಕ್ಯೂಟ್ ಲ್ಯುಕೇಮಿಯಾ, ಅಂದರೆ ಬೇಗ ಬೆಳೆಯುವ ರಕ್ತ ಕ್ಯಾನ್ಸರ್, ಇರುವ ಮಗುವಿಗೆ ಯಾವ ತೊಂದರೆ ಕಾಣದಿದ್ದರೂ, ಪಾಪೆ ಅರಳಿಸುವ ಡ್ರಾಪ್ಸ್ ಹಾಕಿಸಿ ಒಮ್ಮೆ ಕಣ್ಣಿನ ಒಳಗೆ ನೋಡಿಸಬೇಕು ಎನ್ನುವುದು ನನ್ನ ಮಾತು.

ಈ ಕಾಯಿಲೆಯಲ್ಲಿ ಮೂಳೆಯ ಮಜ್ಜೆಯ ತುಂಬ ಬಲಿಯದ ಬಿಳಿ ರಕ್ತಕಣಗಳು ಸೇರಿಕೊಳ್ಳುತ್ತವೆ. ರಕ್ತ ಸೋರದಂತೆ ತಡೆಯುವ ಪ್ಲೇಟ್‌ಲೆಟ್ ಕಣಗಳು ಹುಟ್ಟುವುದಕ್ಕೆ ಜಾಗವೇ ಉಳಿಯುವುದಿಲ್ಲ. ಆಗ ಸಣ್ಣ ರಕ್ತನಾಳಗಳು ಸೋರುತ್ತವೆ. ಚರ್ಮದ ಮೇಲೆ ಕೆಂಪು ಚುಕ್ಕೆ ಏಳುತ್ತವಲ್ವಾ, ಹಾಗೇ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದಲ್ಲೂ. ಕೆಲವು ಚುಕ್ಕೆಗಳ ನಡುವೆ ಬಿಳಿ ಬೊಟ್ಟು ಇರುತ್ತದೆ, ಇವಕ್ಕೆ ರೋತ್ ಸ್ಪಾಟ್ ಎಂದು ಹೆಸರು. ಎಲ್ಲೂ ಕೊಯ್ಯದೆ ರಕ್ತನಾಳವನ್ನು ನೇರವಾಗಿ ನೋಡಲು ಸಿಗುವ ಜಾಗ ಈ ರೆಟಿನಾ. ರಕ್ತದ ಕಣಗಳು ಹತೋಟಿಗೆ ಬಂದ ಮೇಲೆ ಈ ಚುಕ್ಕೆಗಳು ಸಾಮಾನ್ಯವಾಗಿ ಕರಗುತ್ತವೆ.

ಜಾಸ್ತಿ ಭಯಪಡಬೇಕಾದ್ದು ಕ್ಯಾನ್ಸರ್ ಕಣಗಳೇ ಕಣ್ಣಿನ ನರಕ್ಕೆ ನುಗ್ಗಿದಾಗ. ಈ ನರ ಮೆದುಳಿನದೇ ಒಂದು ಎಳೆ. ಮೆದುಳಿನ ಸುತ್ತಲಿನ ನೀರೇ ಇದರ ಸುತ್ತಲೂ ಇರುತ್ತದೆ. ರಕ್ತಕ್ಕೆ ಕೊಟ್ಟ ಎಷ್ಟೋ ಔಷಧಿಗಳು ಮೆದುಳಿಗೂ ಕಣ್ಣಿಗೂ ಸರಿಯಾಗಿ ತಲುಪುವುದಿಲ್ಲ. ಹಾಗಾಗಿ ರಕ್ತ ಪರೀಕ್ಷೆ ಚೆನ್ನಾಗಿದ್ದಾಗಲೂ ಕಾಯಿಲೆ ಮರಳಿದ್ದು ಮೊದಲು ಕಣ್ಣಿನಲ್ಲೇ ಕಾಣಬಹುದು. ಬೆನ್ನುಹುರಿಯ ನೀರಿಗೆ ಮೆಥೊಟ್ರೆಕ್ಸೇಟ್ ಎಂಬ ಕ್ಯಾನ್ಸರ್ ಔಷಧಿ ಚುಚ್ಚುವುದು ಇಂಥ ಅಡಗುತಾಣಗಳಿಗಾಗಿಯೇ. ನರಕ್ಕೇ ಪೆಟ್ಟು ಬಿದ್ದಿದ್ದರೆ ತಡಮಾಡದೆ ರೇಡಿಯೇಷನ್ ಕೂಡ ಬೇಕಾಗಬಹುದು.

ಔಷಧಿಗಳೂ ಕಣ್ಣನ್ನು ಕಾಡುತ್ತವೆ. ನಮ್ಮ ಅಂಗಳದ ಕಾಶಿ ಕಣಗಿಲೆಯಿಂದ ಸಿಕ್ಕ ವಿನ್‌ಕ್ರಿಸ್ಟೀನ್ ಎಷ್ಟೋ ಮಕ್ಕಳ ಜೀವ ಉಳಿಸಿದೆ. ಆದರೆ ಅದು ನರಗಳನ್ನು ಸೋಲಿಸುತ್ತದೆ, ಕೆಲವೊಮ್ಮೆ ರೆಪ್ಪೆ ಜೋತುಬೀಳುತ್ತದೆ. ಔಷಧಿ ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸೈಟರಬಿನ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಕಣ್ಣು ಕೆಂಪಾಗಿ ಉರಿಯುತ್ತದೆ, ಬೆಳಕು ಚುಚ್ಚುತ್ತದೆ. ಅದಕ್ಕೆ ಮೊದಲೇ ಸ್ಟೀರಾಯ್ಡ್ ಡ್ರಾಪ್ಸ್ ಹಾಕುತ್ತಾರೆ. ಬಾಯಲ್ಲಿ ಕೊಡುವ ಸ್ಟೀರಾಯ್ಡ್ ತಿಂಗಳುಗಟ್ಟಲೆ ನಡೆದರೆ ಕಣ್ಣಿನ ಒತ್ತಡ ಏರಬಹುದು, ಪೊರೆಯೂ ಬರಬಹುದು.

ಮನೆಯಲ್ಲಿ ಒಂದು ಕೆಲಸ ಮಾಡಬಹುದು. ಚಿತ್ರದ ಪುಸ್ತಕ ಹಿಡಿದು, ಮಗುವಿನ ಒಂದೊಂದೇ ಕಣ್ಣು ಮುಚ್ಚಿ "ಇದೇನು?" ಅಂತ ಕೇಳಿ. ಒಂದು ಕಣ್ಣು ಮುಚ್ಚಿದಾಗ ಮಾತ್ರ ಮಗು ತಡವರಿಸಿದರೆ, ಕೈ ತಳ್ಳಿದರೆ, ಅಥವಾ ಕಣ್ಣು ಮುಂದಕ್ಕೆ ಉಬ್ಬಿದ್ದರೆ, ಕರಿಗುಡ್ಡೆಯ ಕೆಳಭಾಗದಲ್ಲಿ ಕೀವಿನಂಥ ಬಿಳಿ ಗೆರೆ ನಿಂತಿದ್ದರೆ, ಮುಂದಿನ ಚೆಕಪ್‌ವರೆಗೆ ಕಾಯಬೇಡಿ. ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.