ನಾಬ್‌ನ ಕೊನೆ ಎಲ್ಲಿರಬೇಕು?

ಕಳೆದ ತಿಂಗಳು ಒಬ್ಬ ಹುಡುಗ ತನ್ನ ಸಿಂಥಸೈಜರನ್ನು ಹೊತ್ತುಕೊಂಡು ನನ್ನ ಸ್ಟುಡಿಯೊಗೆ ಬಂದ. ಭಾವಗೀತೆ ಕಾರ್ಯಕ್ರಮಗಳಲ್ಲಿ ಕೊಳಲಿನ ಬಿಟ್‌ಗಳನ್ನು ಕೀಬೋರ್ಡ್‌ನಲ್ಲಿ ನುಡಿಸುವವನು. "ಸರ್, ಈ ನಾಬ್ ಕೆಟ್ಟಿದೆ. ಕೂದಲೆಳೆಯಷ್ಟು ತಿರುಗಿಸಿದರೂ ಕೊಳಲು ಸೈರನ್‌ನಂತೆ ಕೂಗುತ್ತದೆ" ಎಂದ. ನಾನು ತಿರುಗಿಸಿ ನೋಡಿದೆ. ಅವನು ಹೇಳಿದ್ದು ನಿಜ. ಆದರೆ ನಾಬ್ ಕೆಟ್ಟಿರಲಿಲ್ಲ. ಅದು ಎಷ್ಟು ದೂರ ಹೋಗಬಹುದು ಎಂಬುದನ್ನು ಯಾರೂ ತೀರ್ಮಾನಿಸಿರಲಿಲ್ಲ, ಅಷ್ಟೆ.

ಆ ನಾಬ್ ಮಾಡ್ಯುಲೇಷನ್‌ನದು, ಅಂದರೆ ನಾದವನ್ನು ಓಲಾಡಿಸುವುದಕ್ಕೆ. ಅದು ಗೊತ್ತಿಲ್ಲದವರಿಗೆ ಎರಡು ಮಾತು. ಸಿಂಥಸೈಜರಿನೊಳಗೆ ಎಲ್‌ಎಫ್‌ಒ ಎಂಬ ಒಂದು ನಿಧಾನದ ಅಲೆ ಇರುತ್ತದೆ. ಅದು ತಾನೇ ಕೇಳಿಸುವುದಿಲ್ಲ, ಬೇರೊಂದನ್ನು ತೂಗುತ್ತದೆ. ಸ್ವರದ ಎತ್ತರವನ್ನು ಸೆಕೆಂಡಿಗೆ ಐದಾರು ಬಾರಿ ತೂಗಿದರೆ ವೈಬ್ರೇಟೊ, ಧ್ವನಿಯ ಮಟ್ಟವನ್ನು ತೂಗಿದರೆ ಟ್ರೆಮೊಲೊ, ನಾದದ ಹೊಳಪನ್ನು ಸೋಸುವ ಫಿಲ್ಟರನ್ನು ತೂಗಿದರೆ ಬಾಯಿ ತೆರೆದು ಮುಚ್ಚಿದಂಥ ನಾದ. ಎಷ್ಟು ತೂಗಬೇಕು ಎಂಬುದೇ ಡೆಪ್ತ್. ನುಡಿಸುವಾಗ ಕೈಗೆ ಸಿಗಬೇಕಾದದ್ದು ಈ 'ಎಷ್ಟು'. 1970ರ ಮಿನಿಮೂಗ್‌ನಲ್ಲಿಯೂ ಕೀಬೋರ್ಡ್‌ನ ಮನೆಗಳ ಎಡಬದಿಯ ಚಕ್ರಕ್ಕೆ ಕೊಟ್ಟಿದ್ದು ಇದೇ ಕೆಲಸವನ್ನು.

ಹುಡುಗನ ಪ್ಯಾಚ್, ಅಂದರೆ ವಾದ್ಯದಲ್ಲಿ ಉಳಿಸಿಟ್ಟ ಧ್ವನಿಯ ಜೋಡಣೆ, ತೆರೆದು ನೋಡಿದರೆ, ನಾಬ್ ಪೂರ್ತಿ ತಿರುಗಿದಾಗ ವೈಬ್ರೇಟೊದ ಡೆಪ್ತ್ ಹನ್ನೆರಡು ಸೆಮಿಟೋನ್, ಅಂದರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗಿ ಒಂದು ಸ್ಥಾಯಿ ಕೆಳಗಿಳಿಯುತ್ತಿತ್ತು. ಒಂದು ಸ್ಥಾಯಿಗೆ 1,200 ಸೆಂಟ್. ಮಿಡಿ ಎಂಬ, ಡಿಜಿಟಲ್ ವಾದ್ಯಗಳ ಭಾಷೆಯ ಸಂದೇಶದಲ್ಲಿ ನಾಬ್‌ಗೆ ಇರುವುದು 0ರಿಂದ 127ರವರೆಗಿನ ಮೆಟ್ಟಿಲುಗಳು. ಭಾಗಿಸಿದರೆ ಒಂದೊಂದು ಮೆಟ್ಟಿಲಿಗೆ ಸುಮಾರು 9.4 ಸೆಂಟ್. ಕೊಳಲಿಗೆ ಅವನು ಬಯಸಿದ ಓಲಾಟ ಮೇಲಕ್ಕೂ ಕೆಳಕ್ಕೂ 30 ಸೆಂಟ್ ದಾಟುವುದಿಲ್ಲ. ಹಾಗಾದರೆ ಅವನ ಇಡೀ ಸಂಗೀತ ಮೊದಲ ಮೂರು ಮೆಟ್ಟಿಲುಗಳಲ್ಲಿ ಮುಗಿಯಿತು. ನಾಬ್ ಸುಮಾರು 300 ಡಿಗ್ರಿ ತಿರುಗುತ್ತದೆ ಎಂದುಕೊಂಡರೆ ಏಳು ಡಿಗ್ರಿ. ಉಳಿದದ್ದೆಲ್ಲ ಸೈರನ್. ಭತ್ತ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಲು ಹೊರಟಂತೆ.

ಗರಿಷ್ಠವನ್ನು 50 ಸೆಂಟ್‌ಗೆ ಇಳಿಸಿದೆ. ಈಗ ಒಂದು ಮೆಟ್ಟಿಲಿಗೆ 0.4 ಸೆಂಟ್. ಅದೇ ನಾಬ್, ಅದೇ ಬೆರಳು. ಅವನು ಷಡ್ಜವನ್ನು ಹಿಡಿದು ನಿಧಾನವಾಗಿ ತಿರುಗಿಸಿದ. ನೇರವಾಗಿ ನಿಂತಿದ್ದ ಸ್ವರ ಉಸಿರಾಡಲು ತೊಡಗಿತು. ಕೀಬೋರ್ಡ್‌ನ ಕೊಳಲು ನಿರ್ಜೀವ ಎಂದು ಗೊಣಗುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎಷ್ಟೋ ಸಲ ಜೀವ ಆ ಪ್ಯಾಚ್‌ನೊಳಗೇ ಇರುತ್ತದೆ, ಏಳು ಡಿಗ್ರಿಯೊಳಗೆ ಸಿಕ್ಕಿಕೊಂಡು.

ಆದ್ದರಿಂದ ನಾನು ಯಾವ ನಾಬ್‌ಗೆ ಡೆಪ್ತ್ ಜೋಡಿಸಿದರೂ ಮೊದಲು ಕೊನೆಯನ್ನು ನಿರ್ಧರಿಸುತ್ತೇನೆ. ನಾಬನ್ನು ಬಲಗಡೆಯ ತುದಿಗೆ ತಿರುಗಿಸಿ ಬಿಡುತ್ತೇನೆ. ಆಮೇಲೆ ಒಂದು ಸ್ವರ ಹಿಡಿದು, ಪರದೆಯ ಮೇಲಿನ ಡೆಪ್ತ್ ಸಂಖ್ಯೆಯನ್ನು ಸೊನ್ನೆಯಿಂದ ಏರಿಸುತ್ತಾ ಹೋಗುತ್ತೇನೆ. ಈ ಹಾಡಿನಲ್ಲಿ ಇದಕ್ಕಿಂತ ಹೆಚ್ಚು ಎಂದೂ ಬೇಡ ಎಂದು ಕಿವಿ ಹೇಳಿದ ಕಡೆ ನಿಲ್ಲಿಸುತ್ತೇನೆ. ಅದೇ ತುದಿ. ಇದು ಹೊಸ ಉಪಾಯವೂ ಅಲ್ಲ. 1983ರ ಯಮಹಾ ಡಿಎಕ್ಸ್7ರಲ್ಲಿ ಮಾಡ್ಯುಲೇಷನ್ ಚಕ್ರದ ವ್ಯಾಪ್ತಿಗೆ 0ರಿಂದ 99ರವರೆಗೆ ಪ್ರತ್ಯೇಕ ಸಂಖ್ಯೆಯಿತ್ತು. ಅದಲ್ಲದೆ ಪ್ರತಿ ಧ್ವನಿಗೂ 0ರಿಂದ 7ರವರೆಗೆ ಸಂವೇದನೆಯ ಅಳತೆ ಬೇರೆ. ಚಕ್ರ, ವ್ಯಾಪ್ತಿ, ಸಂವೇದನೆ ಇವು ಒಂದನ್ನೊಂದು ಗುಣಿಸುತ್ತವೆ. ಯಾವುದಾದರೂ ಒಂದು ಸೊನ್ನೆಯಾದರೆ ಚಕ್ರವನ್ನು ಎಷ್ಟು ತಳ್ಳಿದರೂ ಸ್ವರ ಅಲುಗುವುದಿಲ್ಲ. ನಾಬ್ ಕೆಲಸ ಮಾಡುತ್ತಿಲ್ಲ ಎಂದು ಬರುವ ದೂರುಗಳಲ್ಲಿ ನಾನು ಮೊದಲು ಹುಡುಕುವುದು ಆ ಸೊನ್ನೆಯನ್ನೇ.

ಜೋಡಣೆಯಲ್ಲಿ ಆಗುವ ಇನ್ನೊಂದು ತಪ್ಪು ಎಷ್ಟು ಸಾಮಾನ್ಯವೆಂದರೆ, ಅದನ್ನು ಬಿಡಿಸಿಯೇ ಹೇಳಬೇಕು. ಯಾವುದು ಯಾವುದನ್ನು ತೂಗಬೇಕು ಎಂದು ಜೋಡಿಸುವ ಪಟ್ಟಿಯಾದ ಮಾಡ್ಯುಲೇಷನ್ ಮ್ಯಾಟ್ರಿಕ್ಸ್‌ನಲ್ಲಿ ಮೂಲದ ಜಾಗದಲ್ಲಿ ನಾಬ್, ಗುರಿಯ ಜಾಗದಲ್ಲಿ ಶ್ರುತಿ ಎಂದು ಬರೆದುಬಿಡುತ್ತಾರೆ. ಆಗ ನಾಬ್ ತಿರುಗಿಸಿದರೆ ಓಲಾಟ ಬರುವುದಿಲ್ಲ, ವಾದ್ಯದ ಶ್ರುತಿಯೇ ಜಾರುತ್ತದೆ. ಮೂಲ ಎಲ್‌ಎಫ್‌ಒ ಆಗಿರಬೇಕು, ಗುರಿ ಶ್ರುತಿ. ನಾಬ್ ಇರಬೇಕಾದದ್ದು ನಡುವೆ, ಎಲ್‌ಎಫ್‌ಒದಿಂದ ಶ್ರುತಿಗೆ ಎಷ್ಟು ಹರಿಯಬೇಕು ಎಂದು ತಡೆಯುವ ತೂಬಿನಂತೆ. ಕೆಲವು ಸಿಂಥಸೈಜರುಗಳು ಈ ನಡುವಿನ ಜಾಗವನ್ನು 'ವಯಾ' ಎಂದು ಕರೆಯುತ್ತವೆ. ಆ ಜಾಗ ಇಲ್ಲದಿದ್ದರೆ, ಗುರಿಯ ಪಟ್ಟಿಯಲ್ಲಿ ಎಲ್‌ಎಫ್‌ಒದ ಡೆಪ್ತ್ ಎಂಬುದೇ ಇದೆಯೇ ಎಂದು ಹುಡುಕಿ ನಾಬನ್ನು ಅದಕ್ಕೆ ಕೊಡಬೇಕು.

ಎಲ್‌ಎಫ್‌ಒದ ಅಲೆ ಎರಡೂ ಕಡೆ ತೂಗುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಕೆಲವು ವಾದ್ಯಗಳಲ್ಲಿ ಅದು ಸೊನ್ನೆಯಿಂದ ಮೇಲಕ್ಕೆ ಮಾತ್ರ ಏರಿಳಿಯುವಂತೆ ಇಡಲು ಬರುತ್ತದೆ. ಹಾಗಿದ್ದು ಡೆಪ್ತ್ 30 ಸೆಂಟ್ ಆದರೆ, ಸ್ವರ ಸರಾಸರಿ 15 ಸೆಂಟ್ ಮೇಲೆಯೇ ತೂಗುತ್ತಿರುತ್ತದೆ. ಪಕ್ಕದಲ್ಲಿ ತಂಬೂರ ಇದ್ದರೆ ಗಾಯಕರು ತಿರುಗಿ ನೋಡುತ್ತಾರೆ. ಗಿಟಾರಿನ ತಂತಿ ಎಳೆದಂಥ ಪರಿಣಾಮಕ್ಕೆ ಅದು ಸರಿ, ಕೊಳಲಿಗೆ ಸಲ್ಲದು.

ಇನ್ನು ಎಡತುದಿಯ ಸೊನ್ನೆ. ಹಳೆಯ ನಾಬ್‌ಗಳು ಪೂರ್ತಿ ಎಡಕ್ಕೆ ತಿರುಗಿಸಿದರೂ ಸೊನ್ನೆ ಮುಟ್ಟದೆ 1 ಅಥವಾ 2ರಲ್ಲಿ ನಿಂತುಬಿಡುವುದುಂಟು. ಗರಿಷ್ಠ ಒಂದು ಸ್ಥಾಯಿ ಇದ್ದಾಗ ಆ ಎರಡು ಮೆಟ್ಟಿಲು 19 ಸೆಂಟ್‌ನ ನಡುಕ. ನಾಬ್ ಮುಚ್ಚಿದ್ದರೂ ಸ್ವರ ನಡುಗುತ್ತಿರುತ್ತದೆ. ಗರಿಷ್ಠ 50 ಸೆಂಟ್ ಇದ್ದಾಗ ಅದೇ ಎರಡು ಮೆಟ್ಟಿಲು 0.8 ಸೆಂಟ್, ಕಿವಿಗೆ ಬೀಳುವುದೇ ಇಲ್ಲ. ತುದಿಯನ್ನು ಸರಿಯಾಗಿ ಕಟ್ಟಿದರೆ ಬುಡದ ಕೊರತೆಯೂ ಮುಚ್ಚಿಹೋಗುತ್ತದೆ.

ನಡುವೆ ಸೊನ್ನೆ, ಎಡಕ್ಕೆ ಋಣ, ಬಲಕ್ಕೆ ಧನ ಎಂಬ ಜೋಡಣೆ ವೇದಿಕೆಗೆ ಬೇಡ. ನಡುವಿನಲ್ಲಿ ಕಚ್ಚು ಇಲ್ಲದ ನಾಬ್‌ನಲ್ಲಿ, ಕತ್ತಲಲ್ಲಿ, ಎದುರಿಗೆ ಜನ ಕುಳಿತಿರುವಾಗ 64 ಎಲ್ಲಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ.

ವೇದಿಕೆಯಲ್ಲಿ ನನ್ನ ಮುಖ ಕೆಂಪಾಗುವಂತೆ ಮಾಡಿದ್ದು ಬೇರೆಯೇ ಒಂದು ಸಂಗತಿ. ವರ್ಷಗಳ ಹಿಂದೆ ಗಣೇಶೋತ್ಸವದ ಒಂದು ಕಾರ್ಯಕ್ರಮ. ಹಿಂದಿನ ಹಾಡಿನಲ್ಲಿ ನಾಬನ್ನು ಬಲತುದಿಯಲ್ಲಿ ಬಿಟ್ಟಿದ್ದೆ. ಮುಂದಿನ ಹಾಡಿಗೆ ಪ್ಯಾಚ್ ಬದಲಿಸಿದೆ. ಅದರೊಳಗೆ ಉಳಿಸಿದ್ದ ಡೆಪ್ತ್ ಸೊನ್ನೆ, ಕೈಯ ಕೆಳಗಿನ ನಾಬ್ 127. ಪಲ್ಲವಿಗೆ ಮುನ್ನ ಸ್ವಲ್ಪ ಓಲಾಟ ಕೊಡೋಣವೆಂದು ನಾಬನ್ನು ಮುಟ್ಟಿದೆನೋ ಇಲ್ಲವೋ, ಸ್ವರ ಒಮ್ಮೆಲೇ ಕುಣಿದುಬಿಟ್ಟಿತು. ಗಾಯಕಿ ಶ್ರುತಿ ಹಿಡಿಯಲು ಕಾಯುತ್ತಿದ್ದ ಕ್ಷಣ ಅದು. ಇಂದಿನ ಹೆಚ್ಚಿನ ವಾದ್ಯಗಳಲ್ಲಿ ಇದಕ್ಕೆ ಪರಿಹಾರವಿದೆ: ಸೆಟ್ಟಿಂಗ್ಸ್‌ನಲ್ಲಿ 'ಕ್ಯಾಚ್' ಅಥವಾ 'ಪಿಕಪ್' ಎಂದಿರುವುದನ್ನು ಆರಿಸಿಕೊಂಡರೆ, ಉಳಿಸಿದ ಸಂಖ್ಯೆಯನ್ನು ನಾಬ್ ದಾಟುವವರೆಗೂ ಅದರ ಮಾತು ನಡೆಯುವುದಿಲ್ಲ. ಮೊದಲ ಕ್ಷಣ ನಾಬ್ ಸತ್ತಂತೆ ಅನ್ನಿಸುತ್ತದೆ, ಅಭ್ಯಾಸ ಮಾಡಿಕೊಳ್ಳಬೇಕು. ನಾನು ಆ ದಿನದಿಂದ ಪ್ರತಿ ಹಾಡು ಮುಗಿದೊಡನೆ ಎಡಗೈಯಿಂದ ನಾಬ್‌ಗಳನ್ನೆಲ್ಲ ಸೊನ್ನೆಗೆ ತಂದೇ ಪ್ಯಾಚ್ ಬದಲಿಸುತ್ತೇನೆ.

ತಿರುವಿನ ಹದವೂ ಮುಖ್ಯ. ಮೊದಲರ್ಧ ಸೂಕ್ಷ್ಮವಾಗಿದ್ದು ಕೊನೆಯರ್ಧದಲ್ಲಿ ಬೇಗ ಏರಿದರೆ ಬೆರಳಿಗೆ ಹಿತ. ನಿಮ್ಮ ಸಿಂಥಸೈಜರಿನಲ್ಲಿ ಇದಕ್ಕೆ ಬೇರೆ ವಕ್ರರೇಖೆ ಇಲ್ಲದಿದ್ದರೆ ಒಂದು ದಾರಿಯಿದೆ. ಅದೇ ನಾಬನ್ನು ಎರಡು ಕಡೆ ಜೋಡಿಸಿ: ಒಮ್ಮೆ ಎಲ್‌ಎಫ್‌ಒದ ಮಟ್ಟಕ್ಕೆ, ಇನ್ನೊಮ್ಮೆ ನಡುವಿನ 'ವಯಾ' ಜಾಗಕ್ಕೆ. ಎರಡೂ ಗುಣಿಸಿಕೊಂಡು, ನಾಬ್ ಅರ್ಧಕ್ಕೆ ಬಂದಾಗ ಡೆಪ್ತ್ ಕಾಲುಭಾಗ ಮಾತ್ರ ಆಗಿರುತ್ತದೆ. ಪೂರ್ತಿ ತಿರುಗಿಸಿದಾಗ ಪೂರ್ತಿ.

ಫಿಲ್ಟರ್‌ಗೆ ಜೋಡಿಸುವವರು ಮೊದಲು ಕಟಾಫನ್ನು, ಅಂದರೆ ಫಿಲ್ಟರ್ ಎಷ್ಟು ತೆರೆದಿರಬೇಕು ಎಂಬ ಮಟ್ಟವನ್ನು, ನಡುಮಟ್ಟಕ್ಕೆ ಇಳಿಸಿಕೊಳ್ಳಬೇಕು. ಫಿಲ್ಟರ್ ಆಗಲೇ ಪೂರ್ತಿ ತೆರೆದಿದ್ದರೆ ಅಲೆಯ ಮೇಲಿನ ಅರ್ಧಕ್ಕೆ ಹೋಗಲು ಜಾಗವಿಲ್ಲ, ಕೆಳಗಿನ ಅರ್ಧ ಮಾತ್ರ ಕೇಳಿಸಿ, ಡೆಪ್ತ್ ಏರಿಸಿದಷ್ಟೂ ನಾದ ಮಂಕಾಗುತ್ತದೆ.

ಗಮಕಕ್ಕೆ ಒಂದು ನಾಬ್ ಮಾಡಿಕೊಡಿ ಎಂದು ಕೇಳುವವರೂ ಇದ್ದಾರೆ. ಅವರಿಗೆ ಇಲ್ಲ ಎಂದೇ ಹೇಳುತ್ತೇನೆ. ತೋಡಿಯ ಗಾಂಧಾರ ಅಲುಗುವುದು ಗಡಿಯಾರದ ಲೋಲಕದಂತಲ್ಲ. ಪ್ರತಿ ಬೀಸೂ ಬೇರೆ, ನಿಲ್ಲುವ ಜಾಗ ಬೇರೆ, ಮುಂದೆ ಯಾವ ಸ್ವರ ಬರುತ್ತದೆ ಎಂಬುದರ ಮೇಲೆ ಅದರ ನಡೆ ನಿಂತಿದೆ. ಎಲ್‌ಎಫ್‌ಒಗೆ ಮುಂದಿನ ಸ್ವರ ಗೊತ್ತಿಲ್ಲ. ಅದನ್ನು ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಬೆಂಡ್ ಚಕ್ರದ ಮೇಲಿಟ್ಟ ಬೆರಳೇ ಮಾಡಬೇಕು. ಆ ಹೊತ್ತಿನಲ್ಲಿ ಡೆಪ್ತ್ ನಾಬ್ ಸೊನ್ನೆಯಲ್ಲಿರಲಿ.

ಹುಡುಗನಿಗೆ ಕೊನೆಯದಾಗಿ ಹೇಳಿದ್ದು ಸೌಂಡ್ ಚೆಕ್ ಬಗ್ಗೆ. ಹೆಡ್‌ಫೋನ್‌ನಲ್ಲಿ ಕಟ್ಟಿದ ತುದಿ ಸಭಾಂಗಣದ ದೊಡ್ಡ ಸ್ಪೀಕರುಗಳಲ್ಲಿ ಹಾಗೆಯೇ ಕೇಳಿಸುವುದಿಲ್ಲ. ಶ್ರುತಿ ಪೆಟ್ಟಿಗೆ ಹಾಕಿ, ಷಡ್ಜ ಹಿಡಿದು, ನಾಬನ್ನು ಬಲತುದಿಗೆ ತಿರುಗಿಸಿ, ಸಭಾಂಗಣದ ನಡುವಿನ ಸಾಲಿನಲ್ಲಿ ಸ್ನೇಹಿತನೊಬ್ಬನನ್ನು ಕೂರಿಸಿ ಕೇಳು ಎಂದೆ. ಮರುವಾರ ಫೋನ್ ಮಾಡಿದ. 50 ಹೆಚ್ಚಾಯಿತಂತೆ, 35ಕ್ಕೆ ಇಳಿಸಿದನಂತೆ.